ವಿಮಾನ ಬಿಚ್ಚುವ ಮಾತು

ಗೋಡೆಗೆ ಒರಗಿಸಿದ್ದ ವಿಮಾನದ ಎರಡು ಪಂಖಾಗಳಲ್ಲಿ ಒಂದು ಇರಲಿಲ್ಲ.

ಶನಿವಾರ ಬೆಳಗ್ಗೆ ಅದನ್ನು ಮೊದಲು ಕಂಡವಳು ನೀಲಾಂಬಿಕಾ. ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

ಯಲವಿಗಿ ಸ್ಟೇಷನ್ನಿನ ಆಚೆ ಶಾಲೆಯ ಮೈದಾನದಲ್ಲಿ ಆ ವಿಮಾನವಿತ್ತು. ವಾಯುಪಡೆಯಿಂದ ನಿವೃತ್ತಿಯಾದ ಸಾಗಾಣಿಕೆಯ ಆವ್ರೊ. ಒಡಲು ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ರೆಕ್ಕೆಗಳು ಪಕ್ಕದಲ್ಲಿ ಮಲಗಿದ್ದವು. ರೆಕ್ಕೆ ಸೇರುವ ಜಾಗಗಳಿಗೆಲ್ಲ ನೀಲಿ ತಾಡಪತ್ರಿ ಸುತ್ತಿದ್ದರು. ಬಣ್ಣ ಬಳಿಯಲೆಂದು ಎಂಜಿನ್ನುಗಳ ಮುಂದಿನ ಪಂಖಾಗಳನ್ನು ಬಿಚ್ಚಿ ಇಟ್ಟಿದ್ದರು.

ನೀಲಾಂಬಿಕಾಳ ಗಂಡ ಮೃತ್ಯುಂಜಯಪ್ಪ ಇದೇ ವಿಮಾನದ ಮೆಕ್ಯಾನಿಕ್ ಆಗಿದ್ದ. ಹೋದ ವರ್ಷ ಶಿವನ ಪಾದ ಸೇರಿದ. ಅವನ ಹಿಂದೆಯೇ ವಿಮಾನವೂ ಗುಜರಿಗೆ ಹೋಗುವುದರಲ್ಲಿತ್ತು. ಆಕೆ ಓಡಾಡಿ, ಊರವರನ್ನು ಕೂಡಿಸಿ, ಅದನ್ನು ಇಲ್ಲಿಗೆ ತರಿಸಿದ್ದಳು. ಒಂದು ಷರತ್ತಿತ್ತು. ಸೋಮವಾರ ವಾಯುಪಡೆಯ ಅಧಿಕಾರಿ ಬಂದು ನೋಡಬೇಕು. ಎಲ್ಲ ಭಾಗಗಳೂ ಇದ್ದರೆ ವಿಮಾನ ಊರಿಗೆ. ಇಲ್ಲವಾದರೆ ಮತ್ತೆ ಗುಜರಿಗೆ.

ನೀಲಾಂಬಿಕಾ ಬುಟ್ಟಿಯನ್ನು ಕೆಳಗಿಟ್ಟು ಪೊಲೀಸರಿಗೆ ಫೋನು ಮಾಡಿದಳು.

*

ಸವಣೂರಿನಿಂದ ಬಂದ ಪಿಎಸ್‌ಐ ಗುಲ್ನಾರ ಮೊದಲು ನೆಲ ನೋಡಿದಳು. ಟೆಂಪೋದ ಚಕ್ರದ ಗುರುತು. ಅದರ ಪಕ್ಕದಲ್ಲಿ ಭಾರ ಎತ್ತುವ ಚೈನ್ ಪುಲ್ಲಿ. ಗೇಟಿನ ಬೀಗ ಒಡೆದಿರಲಿಲ್ಲ.

ಕಾವಲುಗಾರ ಬಾಬಾಜಾನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ನಿನ್ನೆ ಯಾವಾಗ ಗೇಟು ಬಿಟ್ಟು ಹೋಗಿದ್ರಿ, ಚಾಚಾ?"

"ಜುಮ್ಮಾ ನಮಾಜಿಗೆ ಅಷ್ಟ ರೀ ಬೇಟಿ. ಕೀಲಿ ಹಾಕೇ ಹೋಗಿದ್ದೆ. ಬಂದು ಹಿಂದಿನ ಗ್ವಾಡಿ ಕಡೆ ನೋಡಲಿಲ್ಲ, ಅದು ನನ್ನ ತಪ್ಪು."

"ಬ್ಯಾರೆ ಕೀಲಿ ಯಾರ ಹತ್ರ ಅದಾವ?"

"ಒಂದು ಕಂತ್ರಾಟದಾರ ಚನ್ನೇಶ ಸಾಹೇಬ್ರ ಹತ್ರ. ಇನ್ನೊಂದು ಬಡಿಗತನ ಮಾಡೂ ಶಂಭಣ್ಣನ ಹತ್ರ. ಈ ದಿಮ್ಮಿ ಕುಂದ್ರಿಸಿದಂವ ಅವನ."

ಶಂಭುಲಿಂಗ ನೀಲಾಂಬಿಕಾಳ ಮೈದುನ. ಗುಲ್ನಾರ ಆಕೆಯ ಕಡೆ ತಿರುಗಿದಳು. ನೀಲಾಂಬಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಹೇಳ್ರಿ ಅಕ್ಕಾರ."

"ಏನ ಹೇಳ್ಲಿ. ವಿಮಾನ ಊರಿಗೆ ತರೂದು ಬ್ಯಾಡ ಅಂತ ಮೊದಲಿಂದ ಜಗಳಾ ತಗದಂವ ಅವನೊಬ್ಬನ. ಯಾಕಂತ ಕೇಳಿದ್ರ ಬಾಯಿ ಬಿಡೂದಿಲ್ಲ. ನಾ ಅಂದೆ ಅಂತ ಕೆಲಸಕ್ಕ ಬಂದಾನ." ಆಕೆಯ ದನಿ ಇಳಿಯಿತು. "ಅವನನ್ನ ಕೇಳ್ರಿ."

*

ಕಂತ್ರಾಟದಾರ ಚನ್ನೇಶ ತುಮಕೂರಿನ ಕಡೆಯವನು. ವಿಮಾನವನ್ನು ಬಿಚ್ಚಿ, ಟ್ರೇಲರಿನಲ್ಲಿ ತಂದು, ಇಲ್ಲಿ ಜೋಡಿಸುವ ಕೆಲಸ ಅವನದು. ಕೇಳುವ ಮೊದಲೇ ಹೇಳತೊಡಗಿದ.

"ಮೇಡಂ, ನಿನ್ನೆ ಮಧ್ಯಾಹ್ನ ನಾನು ಇಲ್ಲೇ ಗೇಟಿನ ಹತ್ರ ಇದ್ದೆ. ಆ ಶಂಭುಲಿಂಗ ಯಾರಿಗೋ ಹೇಳ್ತಿದ್ದ. ಕಿವಿಯಾರೆ ಕೇಳಿದೀನಿ. 'ಕತ್ತಲಾಗೂದರಾಗ ವಿಮಾನ ಬಿಚ್ಚಿ ಒಗೀರಿ. ಒಂದು ತುಂಡೂ ಮನಿಗೆ ತರಬ್ಯಾಡ್ರಿ' ಅಂತ."

"ಆಗ ಯಾಕ ತಡೀಲಿಲ್ಲ?"

"ತಮಾಷೆ ಅಂದ್ಕೊಂಡೆ. ಊಟಕ್ಕೆ ಸವಣೂರಿಗೆ ಹೋಗ್ಬಿಟ್ಟೆ."

"ಆ ತಾಡಪತ್ರಿ ಸ್ವಲ್ಪ ತಗೀರಿ. ರೆಕ್ಕಿ ನೋಡೂಣು."

"ಬೇಡಿ ಮೇಡಂ. ಧೂಳು ಹೋದ್ರೆ ಜೋಡಣೆ ಕೆಡುತ್ತೆ. ಇನ್ನು ನೋಡಿ ಏನು ಪ್ರಯೋಜನ? ಪಂಖಾನೇ ಇಲ್ಲ ಅಂದ್ಮೇಲೆ ಅಧಿಕಾರಿಗಳು ಬರೋದೂ ಇಲ್ಲ. ಒಂದು ಫೋನ್ ಮಾಡಿ. ನಾನೇ ಕೊಯ್ದು ಸಾಗಿಸ್ತೀನಿ."

ಗುಲ್ನಾರ ತಾಡಪತ್ರಿಯ ಹಗ್ಗಗಳನ್ನು ನೋಡಿದಳು. ಗಂಟಿನ ಮೇಲೆ ಗಂಟು ಹಾಕಿದ್ದರು. ಧೂಳಿಗೆ ಅಷ್ಟು ಹೆದರಬೇಕೇ?

ಮೈದಾನಕ್ಕೆ ಇಬ್ಬರು ಪೇದೆಗಳನ್ನು ಕಾವಲು ಹಾಕಿದಳು.

*

ಶಂಭುಲಿಂಗನನ್ನು ಠಾಣೆಗೆ ಕರೆತಂದರು. ಅಂಗಿಯ ಮೇಲೆ ಮರದ ಹೊಟ್ಟು. ಕಣ್ಣು ಕೆಂಪಾಗಿದ್ದವು.

"ವಿಮಾನ ಬಿಚ್ಚಿ ಒಗೀರಿ ಅಂದಿಯೇನಪಾ ನಿನ್ನೆ?"

"ಹೌದ್ರಿ. ಅಂದೇನಿ."

ಬರೆಯುತ್ತಿದ್ದ ಪೇದೆ ತಲೆ ಎತ್ತಿದ. ಇಷ್ಟು ಸಲೀಸಾಗಿ ಯಾವ ಕಳ್ಳನೂ ಒಪ್ಪಿಕೊಂಡದ್ದನ್ನು ಅವನು ಕಂಡಿರಲಿಲ್ಲ.

"ಒಂದು ತುಂಡೂ ಮನಿಗೆ ತರಬ್ಯಾಡ್ರಿ ಅಂದಿಯೇನು?"

"ಅದನ್ನೂ ಅಂದೇನಿ. ತಂದ್ರ ಚೊಲೋದಲ್ಲಲ್ರಿ ಅದು."

"ಕತ್ತಲಾಗೂದರಾಗ?"

"ಮತ್ತ? ಹುಡುಗೂರು ಹಂಗ ಬಿಟ್ಟು ಬರ್ತಾವು. ನಾಯಿ ನರಿ ಎಳದಾಡಬಾರದು."

"ಎಲ್ಲಿ ಅಂದಿ ಇದನ್ನ?"

"ಹುಲಗೂರಾಗ್ರಿ. ಚನ್ನವೀರಪ್ಪಜ್ಜನ ಹಿತ್ತಲದಾಗ. ನಿನ್ನೆ ಮುಂಜಾನಿಂದ ಅಲ್ಲೇ ಇದ್ದೆ. ಅಜ್ಜ ತೀರ್ಕೊಂಡಿದ್ದ, ಅವನ ಮಣ್ಣಿಗೆ ಹೋಗಿದ್ದೆ."

ಗುಲ್ನಾರಳ ಮುಖ ಬದಲಾಯಿತು. ಆಕೆ ಸವಣೂರಿನ ಓಣಿಯಲ್ಲಿ, ಲಿಂಗಾಯತರ ಮನೆಗಳ ನಡುವೆ ಬೆಳೆದವಳು. ಎದ್ದು ನಿಂತು ಜೀಪಿನ ಕೀಲಿ ತೆಗೆದುಕೊಂಡಳು.

"ಇವರಿಗೆ ಚಹಾ ಕೊಡ್ರಿ" ಎಂದು ಪೇದೆಗೆ ಹೇಳಿದಳು. "ತಿನ್ನಾಕ ಖಾರಾನೂ ತರಸ್ರಿ."

*

ಹುಲಗೂರಿನಲ್ಲಿ ಸಾವಿನ ಮನೆಯ ಅಂಗಳ ಸಾರಿಸಿತ್ತು. ಗುಲ್ನಾರ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಅಜ್ಜನ ಮಗಳು ನಾಗವ್ವ ಹಿತ್ತಲು ತೋರಿಸಿದಳು.

"ಇಲ್ಲೇ ಕುಂತು ಕಟ್ಟಿದ್ರವ್ವಾ. ನಮಾಜಿನ ಕೂಗು ಆದ ಮ್ಯಾಲೆ ಸುರು ಮಾಡಿದ್ರು. ಶಂಭಣ್ಣ ಹೊತ್ತು ಮುಣಗೂ ತನಕ ಊರು ಬಿಟ್ಟು ಅಲುಗಿಲ್ಲ."

ಹಿತ್ತಲಿನ ಒಂದು ಕಡೆ ತಗಡಿನ ಗೋಡೆ ಇತ್ತು. ಮಾತು ಆಚೆಗೆ ಸಲೀಸಾಗಿ ಕೇಳಿಸುವಂಥದು.

"ಆ ಕಡೆ ಯಾರದವ್ವಾ?"

"ದಿಲಾವರನ ಗೋದಾಮು. ಯಾರಿಗೋ ಬಾಡಿಗಿ ಕೊಟ್ಟಾನ."

ದಿಲಾವರನನ್ನು ಕರೆಸಿದರು. ಅವನು ಅಡಿಕೆ ಜಗಿಯುತ್ತಲೇ ಬಂದ.

"ಬಣ್ಣದ ಡಬ್ಬಿ ಇಡ್ತೇನಿ ಅಂತ ಇಸ್ಕೊಂಡಾನ್ರಿ ಆ ತುಮಕೂರಿನಂವ. ನಿನ್ನೆ ನಾ ಬಂಕಾಪುರಕ್ಕ ಬೀಗರ ಮನಿಗೆ ಹೋಗಿದ್ದೆ. ಏನ ಇಟ್ಟಾನೋ ಅಲ್ಲಾಗ ಗೊತ್ತು."

ಬಾಗಿಲು ತೆಗೆದರು. ಬಣ್ಣದ ಡಬ್ಬಿ ಒಂದೂ ಇರಲಿಲ್ಲ. ಗೋಣಿಚೀಲಗಳ ಕೆಳಗೆ ನಾಲ್ಕು ಅಲಗಿನ ಪಂಖಾ ಮಲಗಿತ್ತು.

*

ಸೋಮವಾರ ಮೈದಾನದಲ್ಲಿ ಜನ ಕೂಡಿದ್ದರು. ವಾಯುಪಡೆಯ ಅಧಿಕಾರಿ ಬಂದಿದ್ದರು. ಮರಳಿ ಗೋಡೆಗೆ ಒರಗಿದ್ದ ಪಂಖಾ ಕಂಡು ಚನ್ನೇಶ ನಗಲು ನೋಡಿದ.

"ಸಿಕ್ತಾ ಮೇಡಂ! ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ. ನೀವು ಕೇಳಿದ ಮಾತು ಖರೇ. ಕೇಳಿದ ಜಾಗಾ ಸುಳ್ಳು."

"ಅಂದ್ರೆ?"

"ನಿಮ್ಮ ಕಡೆ ವಿಮಾನ ಅಂದ್ರ ಇದೊಂದ. ನಮ್ಮಲ್ಲಿ ಇನ್ನೊಂದು ಐತಿ. ಲಿಂಗಾಯತರು ಸತ್ತವರನ್ನ ಕುಂದ್ರಿಸಿ ಹೊತ್ಕೊಂಡು ಹೋಗಾಕ ಬಿದಿರಿನಾಗ, ಹೂವಿನಾಗ ಕಟ್ಟತಾರಲ್ಲ, ಅದಕ್ಕೂ ವಿಮಾನ ಅಂತಾರ. ಮಣ್ಣಾದ ಮ್ಯಾಲೆ ಅದನ್ನ ಬಿಚ್ಚಿ ಒಗೀಬೇಕು. ತುಂಡು ಸೈತ ಮನಿಗೆ ತರಬಾರದು. ಶಂಭುಲಿಂಗ ಹೇಳಿದ್ದು ಅದನ್ನ. ಹೇಳಿದ್ದು ಹುಲಗೂರಿನ ಹಿತ್ತಲದಾಗ. ಆ ಹೊತ್ತಿಗೆ ಆ ಮಾತು ನಿಮ್ಮ ಕಿವಿಗೆ ಬೀಳಬೇಕಂದ್ರ ನೀವು ತಗಡಿನ ಆಚೆ ಕಡೆ ಇರಬೇಕು. ಪಂಖಾದ ಮಗ್ಗಲ."

ಚನ್ನೇಶ ಗೇಟಿನ ಕಡೆ ನೋಡಿದ.

"ಬಾಬಾಜಾನ ನಮಾಜಿಗೆ ಹೋದ ಕೂಡಲೇ ಪುಲ್ಲಿಯಿಂದ ಎತ್ತಿ ಟೆಂಪೋದಾಗ ಹಾಕಿದ್ರಿ. ವಿಮಾನ ಅನ್ನೂ ಮಾತು ಕಿವಿಗೆ ಬಿತ್ತು. ಶಿವನ ಕೊಟ್ಟ ಅನ್ಕೊಂಡ್ರಿ. ಆ ದನಿ ಯಾರದಂತ ನಿಮಗ ಗೊತ್ತಿತ್ತು. ಅಪವಾದ ಅವನ ತಲಿಗೆ ಕಟ್ಟಿದ್ರಿ."

"ನನಗ್ಯಾಕೆ ಬೇಕು ಒಂದು ಹಳೇ ಪಂಖಾ?"

"ನಿಮಗ ಪಂಖಾ ಬೇಕಾಗಿರಲಿಲ್ಲ. ಅಧಿಕಾರಿ ಬರೂದು ಬ್ಯಾಡಾಗಿತ್ತು. ತಾಡಪತ್ರಿ ಬಿಚ್ರೋ."

ಪೇದೆಗಳು ಹಗ್ಗ ಕೊಯ್ದರು. ರೆಕ್ಕೆ ಒಡಲಿಗೆ ಸೇರುವ ಕಡೆ ಬೋಲ್ಟಿನ ತೂತುಗಳು ಇರಬೇಕಿತ್ತು. ಇರಲಿಲ್ಲ. ಬೆಳ್ಳಗೆ ಹೊಳೆಯುವ ಕೊಯ್ದ ಅಂಚುಗಳಿದ್ದವು. ಹಳೆಯ ಬೋಲ್ಟುಗಳು ಜಗ್ಗಿರಲಿಲ್ಲ. ತಾಳ್ಮೆಯಿಂದ ಸಡಿಲಿಸಬೇಕಾದಲ್ಲಿ ಚನ್ನೇಶ ಕಟಿಂಗ್ ಮಷೀನು ಹಾಕಿಸಿದ್ದ. ವಿಮಾನ ಗುಜರಿಗೆ ಹೋದರೆ ಆ ಕೊಯ್ತವೂ ಕರಗಿ ಹೋಗುತ್ತಿತ್ತು.

ಅವನು ತಲೆ ತಗ್ಗಿಸಿದ. ಪೇದೆಗಳು ಜೀಪು ಹತ್ತಿಸಿದರು.

ನೀಲಾಂಬಿಕಾ ಕೊಯ್ದ ಅಂಚನ್ನು ಮುಟ್ಟಿ ನೋಡಿದಳು. ಗಾಯ ಮುಟ್ಟುವಂತೆ.

"ಇನ್ನ ಇದು ಗುಜರಿಗೇನ್ರಿ ಸಾಹೇಬ್ರ?"

ಅಧಿಕಾರಿ ರೆಕ್ಕೆಯ ಸುತ್ತ ಒಂದು ಸುತ್ತು ಬಂದರು. "ಹಾರಬೇಕಾದರೆ ಆಗೋದಿಲ್ಲ ತಾಯಿ. ನಿಲ್ಲಬೇಕಾದರೆ ಆಗುತ್ತೆ. ಉಕ್ಕಿನ ಪಟ್ಟಿ ಕೊಟ್ಟು, ಕೆಳಗಡೆ ಆಸರೆ ಇಟ್ಟರೆ ಸಾಕು. ಭಾಗಗಳೆಲ್ಲ ಇವೆ ಅಂತಲೇ ಬರೀತೀನಿ."

ಶಂಭುಲಿಂಗ ದೂರ ನಿಂತಿದ್ದ. ನೀಲಾಂಬಿಕಾ ಅವನ ಹತ್ತಿರ ಹೋದಳು.

"ನಿನ್ನ ಮ್ಯಾಲೆ ಸಂಶೇ ಪಟ್ಟೆ, ಶಂಭು."

"ಆ ಪೊಲೀಸ್ ಬಾಯಾರು ಕೇಳೂ ಚಂದಕ್ಕ ನನಗ ನನ್ನ ಮ್ಯಾಲೆ ಸಂಶೇ ಬಂದಿತ್ತು, ವೈನಿ."

"ಮತ್ತ ಬ್ಯಾಡ ಅಂತ ಯಾಕ ಜಗಳಾಡಿದಿ?"

ಅವನು ಅಂಗಿಯ ಮೇಲಿನ ಮರದ ಹೊಟ್ಟು ಕೊಡವಿದ.

"ಅಣ್ಣ ಕುಂತು ಹೋದ ವಿಮಾನ ಕಟ್ಟಿದ್ದು ನಾನು. ಊರ ಮುಂದ ಇನ್ನೊಂದು ವಿಮಾನ ದಿನಾ ಹೆಂಗ ನೋಡ್ಲಿ ಅನಿಸಿತ್ತು."

ನೀಲಾಂಬಿಕಾಳ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡಳು.

"ಅದು ಕರಕೊಂಡು ಹೋಗೂ ವಿಮಾನ, ಶಂಭು. ಇದು ಹೋಗೂದೆಲ್ಲಾ ಮುಗಿಸಿ ಬಂದೈತಿ. ಇದನ್ನ ನಿಂದ್ರಸು."

ಶಂಭುಲಿಂಗ ಕಿಸೆಯಿಂದ ಅಳತೆ ಪಟ್ಟಿ ತೆಗೆದ. ಒಂದು ತುದಿಯನ್ನು ವೈನಿಯ ಕೈಗೆ ಕೊಟ್ಟು, ರೆಕ್ಕೆಯ ಉದ್ದಕ್ಕೂ ನಡೆದ.