ಬೆಳ್ಳಿಗೆ ತಗುಲಿದ ಗಾಳಿ

ರೋಣದ ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸುವರ್ಣಾಳ ಮೂರು ತಿಂಗಳ ದುಡಿಮೆ ಒಂದೇ ಮಧ್ಯಾಹ್ನದಲ್ಲಿ ಕೆಟ್ಟಿತ್ತು. ಗಾಜಿಗೆ ತೆಳ್ಳಗೆ ಬೆಳ್ಳಿ ಲೇಪಿಸಿ, ಪಟ್ಟಕದ ಮೂಲಕ ಕೆಂಪು ಲೇಸರ್ ಹಾಯಿಸುವ ಸಂಶೋಧನೆ ಅವಳದು. ಕೋನ ನಲವತ್ಮೂರು ಡಿಗ್ರಿಗೆ ಬಂದಾಗ ಬೆಳ್ಳಿಯ ಮೈಮೇಲಿನ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ತೂಗಾಡಿ ಬೆಳಕನ್ನು ನುಂಗುತ್ತಿದ್ದವು. ಮರಳುವ ಕಿರಣ ಕಪ್ಪಾಗುತ್ತಿತ್ತು. ಊಟದ ನಂತರ ನೋಡಿದರೆ ಆ ಕಪ್ಪು ನಲವತ್ತೈದಕ್ಕೆ ಸರಿದಿತ್ತು; ಅಂದರೆ ಬೆಳ್ಳಿಯ ಮೇಲೆ ಬೇರೇನೋ ಕೂತಿತ್ತು. ಪರೀಕ್ಷಕರು ಬರುವುದು ಮರುದಿನವೇ.

ಕೋಣೆಗೆ ಬೀಗವಿತ್ತು. ಕೀಲಿ ಇದ್ದದ್ದು ಅಟೆಂಡರ್ ಶಿವನಪ್ಪನ ಬಳಿ.

“ಎಣ್ಣಿ ಅರಿವೀಲೆ ಒರಸಿ ಕೆಡಿಸಿದಿ!” ಎಂದು ಪ್ರಿನ್ಸಿಪಾಲ್ ಗುರುಸಂಗಪ್ಪ ಅವನ ಕೈಯ ಒರೆಸುವ ಬಟ್ಟೆ ತೋರಿಸಿ ಗದರಿದರು. “ನಾಳಿಂದ ಬರಬ್ಯಾಡ.”

ಶಿವನಪ್ಪ ನೇರ ಅನ್ನಪೂರ್ಣೇಶ್ವರಿಯವರ ಮನೆಗೆ ಹೋದ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಅವರು ಎಲ್ಲರಿಗೂ ‘ಅಕ್ಕೋರು’; ಊರಿನ ಬಿಡಿಸಲಾಗದ ಒಗಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು.

“ಅಕ್ಕೋರ, ನಾ ಮುಟ್ಟಿಲ್ರಿ.”

“ಮುಟ್ಟಿದ್ರ ನೀನ ಹೇಳ್ತಿದ್ದಿ. ನಡಿ.”

ಪ್ರಯೋಗಾಲಯದಲ್ಲಿ ಎಲ್ಲರೂ ಸೇರಿದ್ದರು. ಪಕ್ಕದ ಕೋಣೆಯ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ ಕನಕರಾಜ ಕುರ್ಚಿ ಎಳೆದುಕೊಟ್ಟ. ಬೆಳಿಗ್ಗೆ ಫಳಫಳ ಎನ್ನುತ್ತಿದ್ದ ಅವನ ಬೆಳ್ಳಿ ಉಂಗುರ ಮಂಕಾಗಿದ್ದುದು ಶಿವನಪ್ಪನ ಕಣ್ಣಿಗೆ ಬಿತ್ತು. ಅಕ್ಕೋರ ಕಣ್ಣಿಗೂ ಬಿತ್ತು.

ಅವರ ಮಾತಿನಂತೆ ಸುವರ್ಣಾ ಐದು ಕಡೆ ಬೆಳಕು ಹಾಯಿಸಿದಳು. ಐದೂ ಕಡೆ ನಲವತ್ತೈದು. ಗಾಜನ್ನು ಹಿಡಿದಿದ್ದ ಕ್ಲಿಪ್ ತೆಗೆಸಿ ಅದರಡಿಯ ಅಂಚನ್ನು ನೋಡಿದರೆ, ಮೊದಲಿನ ನಲವತ್ಮೂರೇ!

“ಅರಿವೀಲೆ ಒರಸಿದ್ರ ಒಂದ ಕಡೆ ಹೆಚ್ಚು, ಒಂದ ಕಡೆ ಕಡಿಮಿ ಆಗತಿತ್ತು,” ಎಂದರು ಅಕ್ಕೋರು. “ಇದು ಎಲ್ಲಾ ಕಡೆ ಒಂದ ಸಮ ಐತಿ, ಕ್ಲಿಪ್ ಮುಚ್ಚಿದ ಜಾಗಾ ಉಳದೈತಿ. ಅಂದ್ರ ಕೈ ಅಲ್ಲ, ಗಾಳಿ. ಬೆಳ್ಳಿ ಕಪ್ಪು ಮಾಡೂದು ಗಂಧಕದ ಗ್ಯಾಸ್. ಎರಡೂ ಕೋಣಿ ನಡುವಿನ ಬಾಗಿಲದ ಕೆಳಗ ಬೆರಳು ಹೋಗುವಷ್ಟು ಸಂದಿ ಐತಿ. ಗಾಳಿಗೆ ಕೀಲಿ ಬೇಕಾಗಿಲ್ಲ. ಕನಕರಾಜ, ನಿಮ್ಮ ಉಂಗುರ ಯಾವಾಗ ಕಪ್ಪಾತು?”

ಕನಕರಾಜ ತಲೆ ತಗ್ಗಿಸಿದ. “ಊಟದ ಹೊತ್ತಿನಾಗ್ರಿ. ಪ್ರಯೋಗಕ್ಕ ಆ ಗ್ಯಾಸ್ ಮಾಡುವಾಗ ಅದನ್ನ ಹೊರಗ ಹಾಕೂ ಫ್ಯಾನ್ ಹಚ್ಚೂದ ಮರತೆ. ಆಮ್ಯಾಲೆ ತಿಳೀತು, ಆದ್ರ ಕೆಲಸ ಹೋದೀತಂತ ಅಂಜಿ ಸುಮ್ನಿದ್ದೆ.”

ಪ್ರಿನ್ಸಿಪಾಲರು ಶಿವನಪ್ಪನಿಗೆ ಕೈಮುಗಿದು, ಕನಕರಾಜನತ್ತ ಕೆಂಗಣ್ಣು ಬಿಟ್ಟರು.

“ಸರ, ಅವರನ್ನ ತೆಗೀಬ್ಯಾಡ್ರಿ,” ಎಂದ ಶಿವನಪ್ಪ. “ಆ ಅಂಜಿಕಿ ಹ್ಯಾಂಗಿರತೈತಿ ಅಂತ ಇವತ್ತ ನನಗೂ ಗೊತ್ತಾಗೇತಿ.”

“ಮೂಗಿಗೆ ಹತ್ತಲಾರದ ಗಾಳೀನೂ ಈ ಬೆಳ್ಳಿ ಹಿಡೀತದ ಅಂತ ನಾಳೆ ತೋರಸ್ತೀನ್ರಿ,” ಎಂದಳು ಸುವರ್ಣಾ. ಅವಳ ಮುಖಕ್ಕೆ ಕಳೆ ಬಂದಿತ್ತು.

ಅಕ್ಕೋರನ್ನು ಮನೆ ಮುಟ್ಟಿಸುವಾಗ ಶಿವನಪ್ಪ ಮಾತು ತೆಗೆದ. “ನಿಮ್ಮ ಉಪಕಾರ ಹ್ಯಾಂಗ…”

“ಇಪ್ಪತ್ತು ವರ್ಷ ನಾ ಬರೂದ್ರಾಗ ಪ್ರಯೋಗದ ಸಾಮಾನೆಲ್ಲಾ ಹೊಂದಿಸಿ ಇಡತಿದ್ದಿ,” ಎಂದರು ಅವರು. “ಒಂದ ದಿನಾನೂ ನಾ ಈ ಮಾತು ಹೇಳಿದ್ದಿಲ್ಲ. ಭಾಳ ಉಪಕಾರ ಆತು, ಶಿವನಪ್ಪ.”

 ಶಿವನಪ್ಪ ಮುಂದೆ ಹೋಗಿ ಅವರ ಮನೆಯ ಗೇಟು ತೆರೆದು ಹಿಡಿದು ನಿಂತ.