ಬಾವಿ ಸೇತುವೆಯ ಗಾಜಿನ ಎಳೆ

"ಅಕ್ಕಾ, ನಮ್ಮೆಜಮಾನ್ರು ಆ ಮಗೀನ ಕೊಂದಿಲ್ಲ ಕಣಕ್ಕಾ. ನಿಮ್ ಕಾಲ್ಗೆ ಬೀಳ್ತೀನಿ, ಒಸಿ ಬಂದು ನೋಡಿ!"

ಗುರುವಾರ ಬೆಳಿಗ್ಗೆ ತಿ. ನರಸೀಪುರದ ಕೆಂಪಾಜಮ್ಮನವರ ಜಗಲಿಯ ಮೇಲೆ ಸಣ್ಣತಾಯಮ್ಮ ಕುಸಿದು ಕೂತಾಗ, ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಚಂದ್ರಶೇಖರ್ ಲೋಟ ಕೆಳಗಿಟ್ಟ. ಆ ಸಾವಿನ ಸುದ್ದಿ ಅವನು ಹಿಂದಿನ ದಿನವೇ ಕೇಳಿದ್ದ.

ಕೆಂಪಾಜಮ್ಮ ಮೂವತ್ತೊಂದು ವರ್ಷ ಪೊಲೀಸ್ ಠಾಣೆಗಳಲ್ಲಿ ಮಹಜರು ಬರೆದು, ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಬಿಡಿಸಲಾಗದ ಗಂಟು ಬಿದ್ದರೂ ಜನ ಈ ಜಗಲಿಗೇ ಬರುತ್ತಿದ್ದರು. ನೆರೆಮನೆಯ ಚಂದ್ರಶೇಖರ್ ಹೈಸ್ಕೂಲಿನ ವಿಜ್ಞಾನ ಮೇಷ್ಟರು. ಅಂಥ ಗಂಟುಗಳ ಹಿಂದೆ ಕೆಂಪಾಜಮ್ಮನವರನ್ನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಓಡಾಡುವುದು ಅವನಿಗೆ ಅಭ್ಯಾಸವಾಗಿತ್ತು.

ನಂಜನಗೂಡಿನ ಆಚೆ ಕಪಿಲಾ ಹೊಳೆಯೊಳಗೆ ಒಂದು ಜಾಕ್‌ವೆಲ್ ಇದೆ. ಐದು ಹಳ್ಳಿಗಳಿಗೆ ಕುಡಿಯುವ ನೀರನ್ನು ಆ ಬಾವಿಯಿಂದಲೇ ಎತ್ತುವುದು. ದಡದಲ್ಲಿ ಪಂಪ್‌ಹೌಸು, ಅಲ್ಲಿಂದ ಬಾವಿಗೆ ಕಬ್ಬಿಣದ ಕಿರುಸೇತುವೆ. ಬುಧವಾರ ಬೆಳಿಗ್ಗೆ ಆ ಬಾವಿಯಲ್ಲಿ ಮೇಘನಾಳ ಹೆಣ ತೇಲಿತ್ತು. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಇಪ್ಪತ್ತಾರರ ಹುಡುಗಿ. ಪಂಪ್ ಆಪರೇಟರ್ ಚಿಕ್ಕಸ್ವಾಮಿಯನ್ನು ಪೊಲೀಸರು ಅಂದೇ ಹಿಡಿದುಕೊಂಡು ಹೋಗಿದ್ದರು. ಸಣ್ಣತಾಯಮ್ಮ ಅವನ ಹೆಂಡತಿ.

"ಮಂಗಳವಾರ ನಿಮ್ಮ ಯಜಮಾನ್ರು ಎಲ್ಲಿದ್ರು? ಸುಳ್ಳು ಹೇಳಬೇಡಿ," ಎಂದರು ಕೆಂಪಾಜಮ್ಮ.

ಸಣ್ಣತಾಯಮ್ಮ ಸೆರಗಿನ ಗಂಟಿನಿಂದ ಆಸ್ಪತ್ರೆ ಚೀಟಿ ತೆಗೆದಳು. "ಕಾಲಿನ್ ಗಾಯಕ್ಕೆ ಪಟ್ಟಿ ಕಟ್ಟುಸ್ಕಳಕ್ಕೆ ನಿಮ್ಮೂರಿನ್ ಆಸ್ಪತ್ರೆಗೆ ಬಂದಿದ್ರಕ್ಕಾ. ಎಲ್ಡು ಗಂಟೆಗೆ ಓದೋರು ಐದು ಗಂಟೆಗೆ ಬಂದ್ರು. ಡ್ಯೂಟಿ ಬುಟ್ಟು ಓಗಿದ್ದು ಗೊತ್ತಾದ್ರೆ ಕೆಲ್ಸ ಓಯ್ತದೆ ಅಂತ, ದಿನವೆಲ್ಲಾ ಇಲ್ಲೇ ಇದ್ದೆ ಅಂತ ಪೊಲೀಸ್ರತ್ರ ಅಂದ್ಬುಟ್ಟವ್ರೆ. ಅವತ್ತು ನಾಕು ಗಂಟೆಲಿ ನಮ್ ಪಂಪೌಸ್ ಕಡೆ ಏನ್ ಮಳೆ ಅಂತೀರಿ! ಒಣಗಾಕಿದ್ದ ಮೆಣಸಿನಕಾಯೆಲ್ಲ ನೆಂದೋಯ್ತು. ಅದುನ್ನ ಎತ್ತಿಕ್ಕಕ್ಕೂ ಅವ್ರಿರ್ಲಿಲ್ಲ."

ಚೀಟಿಯ ಮೇಲೆ ಮಧ್ಯಾಹ್ನ ಮೂರು ನಲವತ್ತರ ಮುದ್ರೆಯಿತ್ತು.

"ಆದರೆ ಕೊಲೆ ನಡೆದದ್ದು ಸಂಜೆ ಆರಕ್ಕೆ ಅಂತಾರಲ್ಲ," ಎಂದ ಚಂದ್ರಶೇಖರ್ ಮೆಲ್ಲಗೆ. "ಆಗ ಅವರು ಪಂಪ್‌ಹೌಸಲ್ಲೇ ಒಬ್ಬರೇ ಇದ್ದರು."

"ಆರಕ್ಕೆ ಅಂತ ಹೇಳಿದ್ದು ಯಾರು?"

"ಸೇತುವೆ," ಎಂದ ಚಂದ್ರಶೇಖರ್.

ಅವನಿಗೆ ಅದು ಗೊತ್ತಿದ್ದದ್ದು ಮಹಾದೇವಸ್ವಾಮಿಯವರಿಂದ. ಮೇಘನಾಳ ಮಾರ್ಗದರ್ಶಕರು ಅವರು. ಚಂದ್ರಶೇಖರನಿಗೂ ಕಾಲೇಜಿನಲ್ಲಿ ಪಾಠ ಹೇಳಿದವರು. ಇವತ್ತು ತಾನೊಬ್ಬ ಮೇಷ್ಟರಾಗಿದ್ದರೆ ಅದಕ್ಕೆ ಅವರೇ ಕಾರಣ ಎಂದು ಅವನು ಎಲ್ಲರ ಮುಂದೆಯೂ ಹೇಳುತ್ತಿದ್ದ. ಆ ಮಂಗಳವಾರವೇ ಅವರು ಅವನ ಶಾಲೆಗೆ ಬಂದು, ವಿಜ್ಞಾನ ಸಂಘ ಉದ್ಘಾಟಿಸಿ, ಏಳು ಗಂಟೆಯವರೆಗೆ ಮಕ್ಕಳೊಂದಿಗೆ ಇದ್ದರು. ನಾಲ್ಕಕ್ಕೆ ಬರಬೇಕಿದ್ದವರು ಐದು ದಾಟಿದ ಮೇಲೆ, ತೊಯ್ದು ತೊಪ್ಪೆಯಾಗಿ ಬಂದಿದ್ದರು. ಮೈಸೂರಿನಿಂದ ಬರುವಾಗ ಟೈರ್ ಪಂಕ್ಚರ್ ಆಯಿತು, ಮಳೆಯಲ್ಲೇ ಬದಲಿಸಬೇಕಾಯಿತು ಎಂದಿದ್ದರು. ಚಂದ್ರಶೇಖರ್ ತನ್ನ ಟವೆಲ್ ಕೊಟ್ಟಿದ್ದ. ತಮ್ಮ ಶಿಷ್ಯೆ ಅದೇ ಹೊತ್ತಿನಲ್ಲಿ ಸಾಯುತ್ತಿದ್ದಳು ಎಂದು ತಿಳಿದಾಗ ಆ ಹಿರಿಯರಿಗೆ ಹೇಗಾಗಿರಬೇಡ ಎಂದು ಅವನು ಮರುಗಿದ್ದ. ಬೈಕಿನಲ್ಲಿ ಹೋಗುವಾಗ ಇದನ್ನೆಲ್ಲ ಅವನು ಕೆಂಪಾಜಮ್ಮನವರಿಗೂ ಹೇಳಿದ.

ಹನ್ನೊಂದರ ಹೊತ್ತಿಗೆ ಇಬ್ಬರೂ ಪಂಪ್‌ಹೌಸ್ ತಲುಪಿದರು. ಇನ್‌ಸ್ಪೆಕ್ಟರ್ ಜಗನ್ ಎದ್ದು ನಿಂತ. ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಹಜರು ಬರೆಯಲು ಕಲಿತದ್ದು ಕೆಂಪಾಜಮ್ಮನವರಿಂದ.

"ಇದರಲ್ಲಿ ಹುಡುಕೋಕೆ ಏನೂ ಇಲ್ಲ ಅಮ್ಮ," ಎಂದ ಜಗನ್. "ಪೋಸ್ಟ್‌ಮಾರ್ಟಂನಲ್ಲಿ ಮುಳುಗಿ ಸತ್ತದ್ದು ಅಂತ ಬಂದಿದೆ. ಮಂಗಳವಾರ ಮಧ್ಯಾಹ್ನದಿಂದ ರಾತ್ರಿ ಒಳಗೆ ಅಂತಾರೆ, ಗಂಟೆ ಹೇಳಲ್ಲ. ಗಂಟೆ ಹೇಳಿದ್ದು ಈ ಮಿಷನ್. ಬಾವಿ ಮುಚ್ಚಳ ಹೊರಗಿಂದ ಹಾಕಿತ್ತು, ಆದ್ದರಿಂದ ಜಾರಿ ಬಿದ್ದದ್ದಲ್ಲ."

ಯಂತ್ರದ ಗೆರೆ ಓದಿ ಹೇಳಲು ಪೊಲೀಸರು ಕರೆಸಿದ್ದ ಮಹಾದೇವಸ್ವಾಮಿ ಅಲ್ಲೇ ಇದ್ದರು, ಲ್ಯಾಪ್‌ಟಾಪ್ ತೆರೆದರು. ಕಣ್ಣು ಕೆಂಪಗಿತ್ತು, ದನಿ ಒಡೆದಿತ್ತು. ಸೇತುವೆಯ ತೊಲೆಯ ಉದ್ದಕ್ಕೂ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಅಂಟಿಸಿದೆ ಎಂದು ವಿವರಿಸಿದರು. ಎಳೆಯೊಳಗೆ ಬೆಳಕು ಓಡುತ್ತಿರುತ್ತದೆ. ಸೇತುವೆಯ ಮೇಲೆ ಕಾಲಿಟ್ಟರೆ ಕಬ್ಬಿಣ ಬಾಗುತ್ತದೆ, ಎಳೆ ಚೂರೇ ಚೂರು ಹಿಗ್ಗುತ್ತದೆ, ವಾಪಸು ಬರುವ ಬೆಳಕಿನ ಬಣ್ಣ ಅಷ್ಟೇ ಸೂಕ್ಷ್ಮವಾಗಿ ಬದಲಾಗುತ್ತದೆ. ಯಂತ್ರ ಅದನ್ನು ಗೆರೆಯಾಗಿ ಬರೆದಿಡುತ್ತದೆ.

"ಇಲ್ಲಿ ನೋಡಿ. ಐದು ನಲವತ್ತಕ್ಕೆ ಹಗುರ ಹೆಜ್ಜೆ, ಅದು ಮೇಘನಾ. ಆರು ಐದಕ್ಕೆ ಭಾರದ ಹೆಜ್ಜೆ. ಒಂದು ಉದ್ದ, ಒಂದು ಗಿಡ್ಡ. ಕುಂಟು ನಡಿಗೆ. ಆರು ಇಪ್ಪತ್ತಕ್ಕೆ ಅದೇ ಕುಂಟು ಹೆಜ್ಜೆ ಒಂದೇ ವಾಪಸು."

ಚಿಕ್ಕಸ್ವಾಮಿಯ ಎಡಗಾಲು ಕುಂಟು. ಚಂದ್ರಶೇಖರ್ ಆ ಗೆರೆಯನ್ನೇ ನೋಡಿದ. ಸುಳ್ಳು ಹೇಳಲು ಬಾರದ ಸಾಕ್ಷಿ ಎಂದರೆ ಇದೇ ಎನಿಸಿತು.

"ಈ ಮಿಷನ್ ಮುಟ್ಟೋರು ಯಾರ್ಯಾರು?" ಕೆಂಪಾಜಮ್ಮ ಕೇಳಿದರು.

"ಪಾಸ್‌ವರ್ಡ್ ಇದ್ದದ್ದು ಮೇಘನಾಗೆ ಮತ್ತು ನನಗೆ ಮಾತ್ರ. ಚಿಕ್ಕಸ್ವಾಮಿ ಇದನ್ನು ಅಳಿಸೋದಕ್ಕೆ ಸಾಧ್ಯವೇ ಇಲ್ಲ, ಅದಕ್ಕೇ ಉಳಿದಿದೆ."

ಕೆಂಪಾಜಮ್ಮ ಆ ದಿನದ ಪೂರ್ತಿ ಗೆರೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡರು. ಆಮೇಲೆ ಸೇತುವೆಗೆ ಹೋಗಿ ಕಂಬಿಯ ಮೇಲೆ ಕೈಯಿಟ್ಟವರು ತಟ್ಟನೆ ತೆಗೆದರು.

"ಕಾದ ಕಾವಲಿ ಇದ್ದಂಗದೆ! ಮೇಷ್ಟ್ರೆ, ಈ ಕಾವು ನಿಮ್ಮ ಎಳೆಗೆ ಗೊತ್ತಾಗಲ್ವಾ?"

"ಗೊತ್ತಾಗ್ತದೆ ಅಮ್ಮ. ಕಬ್ಬಿಣ ಕಾದರೂ ಹಿಗ್ಗುತ್ತದಲ್ಲ. ಹಗಲು ಗೆರೆ ಮೆಲ್ಲಗೆ ಏರ್ತದೆ, ಹೊತ್ತು ಇಳಿದ ಹಾಗೆ ಮೆಲ್ಲಗೆ ಇಳೀತದೆ. ಹೆಜ್ಜೆಗಳು ಅದರ ಮೇಲೆ ಮುಳ್ಳಿನ ಹಾಗೆ ಕಾಣ್ತವೆ."

ಅವರು ತಲೆಯಾಡಿಸಿ ತೊಲೆಯ ಕೆಳಗೆ ಬಗ್ಗಿದರು. ಅಲ್ಲಿ ಅಂಟಿಸಿದ ಎಳೆಯ ಪಕ್ಕದಲ್ಲೇ ಹಳದಿ ಹೊದಿಕೆಯ ಇನ್ನೊಂದು ಎಳೆ ಸಡಿಲವಾಗಿ ಹಾದುಹೋಗಿತ್ತು.

"ಅದು ನೀರಿನಲ್ಲಿರುವ ವಿಷ ಕಂಡುಹಿಡಿಯೋಕೆ," ಎಂದ ಚಂದ್ರಶೇಖರ್. "ಬಾವಿಯೊಳಗೆ ಇಳಿಯುವ ಕಡೆ ಅದಕ್ಕೊಂದು ಲೇಪ ಹಚ್ಚಿರ್ತಾರೆ. ನೀರಲ್ಲಿ ಅಮೋನಿಯಾ ಬಂದರೆ ಬೆಳಕು ಮಂಕಾಗ್ತದೆ. ಆದರೆ ಅದರ ಯಂತ್ರ ಕೆಟ್ಟು ಒಂದು ವಾರ ಆಯ್ತಂತೆ, ಸಾರ್ ಹೇಳಿದರು."

"ದಾರಕ್ಕೆ ಎರಡು ತುದಿ ಇರ್ತವಲ್ಲ ಮೇಷ್ಟ್ರೆ. ಒಂದು ಕೆಟ್ಟ ಯಂತ್ರಕ್ಕೆ ಹೋಗಿದೆ. ಇನ್ನೊಂದು?"

ಅವನು ಯೋಚಿಸಿರಲೇ ಇಲ್ಲ. ಇಬ್ಬರೂ ಹಳದಿ ಎಳೆಯ ಜಾಡು ಹಿಡಿದರು. ಅದು ಬಾವಿಯಿಂದ ಮರಳಿ, ಪಂಪ್‌ಹೌಸಿನ ಹಿಂಗೋಡೆಯ ತೂತಿನಲ್ಲಿ ನುಗ್ಗಿ, ಹಾಳುಬಿದ್ದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಮುಗಿದಿತ್ತು. ಪೆಟ್ಟಿಗೆ ತೆರೆದರೆ ಸಣ್ಣದೊಂದು ಯಂತ್ರ, ಅದಕ್ಕೊಂದು ಬ್ಯಾಟರಿ, ಹಸಿರು ದೀಪ ಇನ್ನೂ ಮಿನುಗುತ್ತಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಮೇಘನಾಳ ಅಕ್ಷರ: ಶುಕ್ರವಾರದಿಂದ.

ಜಗನ್‌ನನ್ನು ಒಬ್ಬನನ್ನೇ ಕರೆದು, ಮಹಜರು ಬರೆಸಿ, ಅದರ ಮೆಮೊರಿ ಕಾರ್ಡ್ ತೆಗೆಸಿದರು. ಸಂಜೆ ಶಾಲೆಯ ಕಂಪ್ಯೂಟರಿನಲ್ಲಿ ಚಂದ್ರಶೇಖರ್ ಅದನ್ನು ಓದಿದ. ದಿನವೂ ಬೆಳಗಿನ ಹೊತ್ತು ಬೆಳಕು ಗಂಟೆಗಟ್ಟಲೆ ಮಂಕಾಗಿತ್ತು. ಐದು ಹಳ್ಳಿಯ ಮಕ್ಕಳು ಕುಡಿಯುವ ನೀರಿನಲ್ಲಿ ಅಮೋನಿಯಾ! ಅದಲ್ಲದೆ ಗೆರೆಯಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ಕಚ್ಚುಗಳಿದ್ದವು.

"ಎಳೆ ಸಡಿಲ ಇದೆಯಲ್ಲ, ಸೇತುವೆ ಅಲುಗಿದಾಗ ಅದೂ ಬಾಗ್ತದೆ. ಬಾಗಿದ ಕಡೆ ಬೆಳಕು ಸೋರಿಹೋಗ್ತದೆ," ಎಂದ. ಹೇಳುತ್ತಲೇ ಪರದೆಯತ್ತ ಬಗ್ಗಿದ. "ಅಮ್ಮ, ಇವು ಹೆಜ್ಜೆಗಳು."

ಕೆಂಪಾಜಮ್ಮ ಮಂಗಳವಾರದ ಕಚ್ಚುಗಳನ್ನು ಬಹಳ ಹೊತ್ತು ನೋಡಿದರು. "ನೀರಿನ ಸಂಗತಿ ಜಗನ್ ಇವತ್ತೇ ಮೇಲಿನವರಿಗೆ ತಿಳಿಸಲಿ. ನಾಳೆ ಬೆಳಿಗ್ಗೆ ಎಲ್ಲರನ್ನೂ ಪಂಪ್‌ಹೌಸಲ್ಲೇ ಸೇರಿಸೋಣ," ಎಂದಷ್ಟೇ ಹೇಳಿ ಎದ್ದರು.

ಶುಕ್ರವಾರ ಹತ್ತು ಗಂಟೆಗೆ ಪಂಪ್‌ಹೌಸಿನ ಒಳಗೆ ಜಗನ್ ಕೋಳ ತೊಡಿಸಿದ ಚಿಕ್ಕಸ್ವಾಮಿಯನ್ನು ಕೂರಿಸಿದ್ದ. ಸಣ್ಣತಾಯಮ್ಮ ಗೋಡೆಗೆ ಒರಗಿದ್ದಳು. ಮಹಾದೇವಸ್ವಾಮಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಕೆಂಪಾಜಮ್ಮ ಅಚ್ಚು ಹಾಕಿಸಿದ ಕಾಗದವನ್ನು ಮೇಜಿನ ಮೇಲೆ ಹರಡಿದರು. "ಇದು ಮಂಗಳವಾರದ ಗೆರೆ ಅಂತಾರೆ. ಹಗಲೆಲ್ಲ ಏರಿದೆ, ಸಂಜೆವರೆಗೆ ನುಣ್ಣಗೆ ಇಳಿದಿದೆ. ಆದ್ರೆ ಮಂಗಳವಾರ ನಾಲ್ಕಕ್ಕೆ ಇಲ್ಲಿ ಜಡಿಮಳೆ. ಕಾದ ಕಬ್ಬಿಣದ ಮೇಲೆ ತಣ್ಣೀರು ಸುರಿದ್ರೆ ಗೆರೆ ದಬಕ್ಕನೆ ಬೀಳಬೇಕಲ್ವಾ ಮೇಷ್ಟ್ರೆ?"

"ಬೀಳಲೇಬೇಕು," ಎಂದ ಚಂದ್ರಶೇಖರ್.

"ಬಿದ್ದಿಲ್ಲ. ಅಂದ್ರೆ ಇದು ಮಂಗಳವಾರದ್ದಲ್ಲ. ಬೇರೆ ದಿನದ ಗೆರೆಗೆ ಮಂಗಳವಾರದ ತಾರೀಕು ಹಾಕಿದ್ದಾರೆ. ಚಿಕ್ಕಸ್ವಾಮಿ, ಶನಿವಾರ ಸಂಜೆ ಏನು ಮಾಡ್ತಿದ್ದೆ?"

"ಮೇಗನಕ್ಕಂಗೆ ಸ್ಪ್ಯಾನರ್ ಬೇಕಿತ್ತು ಕಣವ್ವ. ಬಾವಿತಕೆ ಓಗಿ ಕೊಟ್ಬುಟ್ಟು ಒಂದಷ್ಟೊತ್ತು ಇಡ್ಕೊಂಡಿದ್ದು ಬಂದೆ. ಅವ್ರು ಕತ್ಲಾಗಗಂಟ ಅಲ್ಲೇ ಇದ್ರು."

"ಎರಡನೇ ಯಂತ್ರದಲ್ಲೂ ಶನಿವಾರ ಆರು ಐದಕ್ಕೆ ಇದೇ ಕುಂಟು ಹೆಜ್ಜೆ ಇದೆ. ನಿಮಿಷವೂ ತಪ್ಪಿಲ್ಲ. ಮೇಘನಾ ಕತ್ತಲಾದ ಮೇಲೆ ವಾಪಸು ಬಂದ ಹೆಜ್ಜೆಯನ್ನ ಮಾತ್ರ ಕತ್ತರಿಸಿ ತೆಗೆದಿದ್ದಾರೆ. ಹೆಜ್ಜೆ ನಿಜ, ದಿನ ಸುಳ್ಳು."

"ಎರಡನೇ ಯಂತ್ರ?" ಎಂದರು ಮಹಾದೇವಸ್ವಾಮಿ.

ಕೆಂಪಾಜಮ್ಮ ಅವರ ಕಡೆ ನೋಡಲಿಲ್ಲ. "ತನ್ನ ಲೆಕ್ಕಗಳನ್ನ ಯಾರೋ ತಿದ್ದುತ್ತಿದ್ದಾರೆ ಅಂತ ಆ ಹುಡುಗಿಗೆ ಅನುಮಾನ ಬಂದಿರಬೇಕು. ಹಳದಿ ಎಳೆಯ ಇನ್ನೊಂದು ತುದಿಗೆ ಗುಟ್ಟಾಗಿ ಇದನ್ನ ಸೇರಿಸಿದ್ಲು. ಮಂಗಳವಾರ ಆರು ಗಂಟೆಗೆ ಅದರಲ್ಲಿ ಒಂದು ಹೆಜ್ಜೆಯೂ ಇಲ್ಲ. ಇರೋದು ಮೂರು ಐವತ್ತಕ್ಕೆ. ಇಬ್ಬರು ಒಟ್ಟಿಗೆ ಬಾವಿಗೆ ಹೋಗಿದ್ದಾರೆ. ನಾಲ್ಕು ಹನ್ನೆರಡಕ್ಕೆ, ಮಳೆಯಲ್ಲೇ, ಒಬ್ಬರು ಬಂದಿದ್ದಾರೆ. ಸಮ ಹೆಜ್ಜೆ, ಕುಂಟಲ್ಲ. ಆ ಹೊತ್ತಿಗೆ ಚಿಕ್ಕಸ್ವಾಮಿ ನರಸೀಪುರದ ಆಸ್ಪತ್ರೆ ಬೆಂಚಿನ ಮೇಲಿದ್ದ. ಚೀಟಿ ಇದೆ, ಪಟ್ಟಿ ಕಟ್ಟಿದ ನರ್ಸು ಗುರುತು ಹಿಡಿದಿದ್ದಾರೆ."

ಜಗನ್ ಹುಬ್ಬು ಗಂಟಿಕ್ಕಿದ. "ನಾಲ್ಕನ್ನ ಆರು ಮಾಡಿದ್ದು ಯಾಕೆ?"

"ಆರಕ್ಕೆ ನೂರು ಜನರ ಮುಂದೆ ಇದ್ದು, ನಾಲ್ಕಕ್ಕೆ ಎಲ್ಲಿದ್ದೆ ಅಂತ ಹೇಳೋಕಾಗದವರು ಮಾಡಿದ್ದು. ಪಾಸ್‌ವರ್ಡ್ ಇದ್ದವರು." ಅವರು ತಿರುಗಿದರು. "ಮೇಷ್ಟ್ರೆ, ಮಂಗಳವಾರ ನಿಮ್ಮ ಗುರುಗಳು ಶಾಲೆಗೆ ಎಷ್ಟೊತ್ತಿಗೆ ಬಂದ್ರು?"

ಎಲ್ಲವೂ ಚಂದ್ರಶೇಖರನ ಕಣ್ಣೆದುರಿಗೇ ಇತ್ತು. ಅವನು ಮಾತ್ರ ಆ ಕಡೆ ನೋಡಿರಲಿಲ್ಲ. ಮಹಾದೇವಸ್ವಾಮಿ ಅವನನ್ನೇ ದಿಟ್ಟಿಸುತ್ತಿದ್ದರು.

"ಐದು ಹತ್ತಕ್ಕೆ," ಎಂದ. "ಪೂರ್ತಿ ನೆನೆದಿದ್ದರು. ನಾನೇ ಟವೆಲ್ ಕೊಟ್ಟೆ."

"ಮೈಸೂರು ರಸ್ತೆಯಲ್ಲಿ ನೆನೆದೆ," ಎಂದರು ಮಹಾದೇವಸ್ವಾಮಿ.

"ಮಂಗಳವಾರ ಮೈಸೂರು–ನರಸೀಪುರ ರಸ್ತೆಯಲ್ಲಿ ಒಂದು ಹನಿ ಬಿದ್ದಿಲ್ಲ ಸಾರ್," ಎಂದ ಜಗನ್. "ಅಮ್ಮ ಹೇಳಿದ ಮೇಲೆ ನಿನ್ನೆಯೇ ವಿಚಾರಿಸಿದೆ. ನಿಮ್ಮ ಸ್ಟೆಪ್ನಿ ಟೈರನ್ನೂ ನೋಡಿಸಿದ್ದೀವಿ. ಅದು ಒಂದು ಸಲವೂ ರಸ್ತೆ ಮುಟ್ಟಿಲ್ಲ."

ಮಹಾದೇವಸ್ವಾಮಿ ಕನ್ನಡಕ ತೆಗೆದು ಮಡಿಚಿದರು.

"ಹೊಳೆಯ ಮೇಲ್ಭಾಗದಲ್ಲಿರುವ ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಘಟಕ ನನ್ನ ವಿನ್ಯಾಸ," ಎಂದರು. "ಅದಕ್ಕೆ ಪ್ರಶಸ್ತಿ ಬಂತು. ಅದು ಕೆಲಸ ಮಾಡ್ತಿಲ್ಲ ಅಂತ ಈ ಎಳೆಯೇ ತೋರಿಸಿಕೊಟ್ಟಿತು. ಮೂರು ತಿಂಗಳಿಂದ ನೀರು ಚೆನ್ನಾಗಿದೆ ಅಂತ ವರದಿಗೆ ಸಹಿ ಹಾಕುತ್ತಾ, ಒಳಗೊಳಗೇ ಸರಿಮಾಡಲು ನೋಡಿದೆ. ಮೇಘನಾ ಜಿಲ್ಲಾಧಿಕಾರಿಗೆ ಪತ್ರ ಬರೆದು ತಂದಿದ್ದಳು. ಬಾವಿ ಮೇಲೆ ಅದನ್ನು ಕಿತ್ತುಕೊಳ್ಳಲು ಹೋದೆ. ಅವಳು ಹಿಂದಕ್ಕೆ ಸರಿದಳು. ಮುಚ್ಚಳ ತೆರೆದಿತ್ತು."

"ಬಿದ್ದವಳು ಕೂಗಲಿಲ್ವಾ?" ಎಂದರು ಕೆಂಪಾಜಮ್ಮ.

"ಕೂಗಿದಳು. 'ಸಾರ್, ಹಗ್ಗ' ಅಂದಳು. ಹಗ್ಗ ಅಲ್ಲೇ ಕೊಕ್ಕೆಯಲ್ಲಿತ್ತು."

"ಆಮೇಲೆ?"

"ಮುಚ್ಚಳ ಹಾಕಿದೆ."

ಸಣ್ಣತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ಚಂದ್ರಶೇಖರ್ ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಕೂತ. ಮುಚ್ಚಳ ಹಾಕಿದ ಆ ಕೈಯನ್ನೇ ಅವನ ಟವೆಲ್ ಒರೆಸಿತ್ತು. ಆ ಕೈಯೇ ಒಂದು ಗಂಟೆಯ ನಂತರ ಮಕ್ಕಳ ತಲೆ ಸವರಿತ್ತು.

ಮಧ್ಯಾಹ್ನದ ಹೊತ್ತಿಗೆ ಐದು ಹಳ್ಳಿಗಳಲ್ಲಿ ಆಟೋ ಮೈಕು ಕೂಗುತ್ತಿತ್ತು: ನಲ್ಲಿ ನೀರು ಯಾರೂ ಕುಡಿಯಬೇಡಿ, ಟ್ಯಾಂಕರ್ ಬರುತ್ತದೆ. ಕೋಳ ಬಿಚ್ಚಿಸಿಕೊಂಡ ಚಿಕ್ಕಸ್ವಾಮಿ ಮನೆಗೆ ಹೋಗಲಿಲ್ಲ. ಹೆಂಡತಿ ಕರೆದರೂ ಕೇಳದೆ, ಮೊದಲು ಪಂಪು ನಿಲ್ಲಿಸಿ ದೊಡ್ಡ ವಾಲ್ವಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿ ಬಿಗಿದ.

ಚಂದ್ರಶೇಖರ್ ಒಳಗೆ ಕೂತು ತನ್ನ ಹೇಳಿಕೆ ಬರೆದ. ಎರಡು ಪುಟವಾಯಿತು. ಕೆಂಪಾಜಮ್ಮ ಅದನ್ನು ಓದಿ ಅವನ ಮುಂದಕ್ಕೇ ಸರಿಸಿದರು.

"ನಮ್ಮ ಗುರುಗಳು, ನಮ್ಮ ಗುರುಗಳು ಅಂತ ಆರು ಕಡೆ ಬರೆದಿದ್ದೀರಿ ಮೇಷ್ಟ್ರೆ," ಎಂದರು ಮೃದುವಾಗಿ. "ಕೋರ್ಟಿಗೆ ಹೆಸರು ಬೇಕು."

ಅವನು ಪೆನ್ನು ತೆಗೆದುಕೊಂಡ. ಮೊದಲನೆಯದನ್ನು ಹೊಡೆದು ಹಾಕಿ ಮೇಲೆ 'ಮಹಾದೇವಸ್ವಾಮಿ' ಎಂದು ಬರೆಯುವಾಗ ಅಕ್ಷರ ಕೆಟ್ಟಿತು. ಮತ್ತೊಮ್ಮೆ ತಿದ್ದಿ ಬರೆದ. ಆರನೆಯದನ್ನು ತಿದ್ದಬೇಕಾಗಲಿಲ್ಲ. ಕೆಳಗೆ ಸಹಿ ಹಾಕಿದ.