ಜೆನೋನ್, ನಿದ್ದೆ ಮಾಡಬೇಡ

ಬಸ್ಸೇನೋ ಬಂತು. ಆದರೆ ಯಾವುದು ಬರಬಾರದು ಎಂದು ಆಲ್ದೋನಾ ಬೇಡಿಕೊಂಡಿದ್ದಳೋ ಅದೇ ಬಂತು.

ಬಾಗಿಲು ತೆರೆಯಿತು. ಡ್ರೈವರ್ ಸೀಟಿನಿಂದ ಜೆನೋನ್ ಕುಲಿಕ್ ಬಗ್ಗಿ ನೋಡಿದ. ಮೂರು ವಾರದಿಂದ ಅವಳು ತಪ್ಪಿಸಿಕೊಂಡು ಓಡಾಡುತ್ತಿದ್ದ ಮುಖ ಅದು.

"ಹತ್ತಿ ಮಿಸ್. ಇದರ ಹಿಂದೆ ಇನ್ನೊಂದು ಬಸ್ ಬರತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

"ಜನರನ್ನ ನಂಬೋದು ಬಿಟ್ಟೇ ಮೂರು ವಾರ ಆಯ್ತು," ಎಂದು ಅವಳು ರೆಪ್ಪೆಯ ಮೇಲಿನ ಹಿಮ ಒರೆಸಿಕೊಂಡು ಹತ್ತಿದಳು.

ಅವನ ಕಿವಿ ಕೆಂಪಾಯಿತು. ಅವನು ಬಾಗಿಲು ಮುಚ್ಚಿದ.

ಒಂದು ವರ್ಷ ಅವರಿಬ್ಬರ ನಡುವೆ ಇದ್ದದ್ದೆಲ್ಲ ಡ್ರೈವರ್ ತಲೆಯ ಮೇಲಿನ ಆ ಉದ್ದ ಕನ್ನಡಿಯಲ್ಲೇ ನಡೆದಿತ್ತು. ಅವಳು ಅವನ ಹಿಂದಿನ ಸೀಟಿನಲ್ಲಿ ಕೂರುವಳು. ಸಿಗ್ನಲ್ ಕೆಂಪಾದಾಗ ಅವನು ಕಣ್ಣೆತ್ತುವನು. ಹಸಿರಾದರೂ ಒಂದು ಗಳಿಗೆ ಇಳಿಸನು, ಹಿಂದಿನ ಕಾರಿನವರು ಹಾರ್ನ್ ಹೊಡೆಯಬೇಕು. ಅವಳು ಲಿಥುವೇನಿಯಾದವಳು, ಯುದ್ಧದಲ್ಲಿ ಊರು ಬಿಟ್ಟು ಬಂದವಳು. ಅವನು ಶಿಕಾಗೊದಲ್ಲೇ ಹುಟ್ಟಿದ ಪೋಲಿಷರ ಹುಡುಗ. ಯುದ್ಧಕ್ಕೆ ಮುಂಚೆ ಲಿಥುವೇನಿಯಾದ ಹಳೆಯ ರಾಜಧಾನಿ ಸುಮಾರು ಇಪ್ಪತ್ತು ವರ್ಷ ಪೋಲೆಂಡಿನ ಕೈಯಲ್ಲಿತ್ತು; ಜಗಳಕ್ಕೆ ಅಷ್ಟು ಸಾಕಿತ್ತು.

"ನಿಮ್ಮವರು ನಮ್ಮ ವಿಲ್ನಿಯಸ್ ಪಟ್ಟಣಾನೇ ನುಂಗಿದೋರು," ಎನ್ನುವಳು ಅವಳು.

"ನುಂಗಲಿಲ್ಲ ಮಿಸ್, ರುಚಿ ನೋಡಿದ್ವಿ ಅಷ್ಟೆ. ಅಷ್ಟಕ್ಕೂ ಅದರ ಹೆಸರು ವಿಲ್ನೋ."

"ಕದ್ದ ಮಾಲಿಗೆ ಹೆಸರು ಬದಲಾಯಿಸೋದು ಕಳ್ಳರ ಮೊದಲನೇ ಕೆಲಸ."

ಇಡೀ ಬಸ್ಸು ನಗುವುದು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ದಿನ ಅವನು, ಕನ್ನಡಿಯನ್ನೇ ಕೇಳುವವನ ಹಾಗೆ, "ಶನಿವಾರ ಡಾನ್ಸಿಗೆ ಬರ್ತೀರಾ? ನಾನೇ ಮನೆಗೆ ಬಂದು ಕರ್ಕೊಂಡು ಹೋಗ್ತೀನಿ," ಎಂದಿದ್ದ. ಆ ಶನಿವಾರ ಅವಳು ಕೂದಲು ಮಾಡಿಸಿಕೊಂಡು ಬಂದು, ತಾನೇ ಹೊಲಿದ ನೀಲಿ ಉಡುಪು ತೊಟ್ಟು ಕಿಟಕಿಯ ಬಳಿ ಕಾದಳು. ಅವನು ಬರಲಿಲ್ಲ. ಮರುದಿನದಿಂದ ಅವಳಿಗೆ ಬೇರೆ ಬಸ್ಸಾಯಿತು.

ಇವತ್ತು ಬೇರೆ ಬಸ್ಸೇ ಇರಲಿಲ್ಲ. ಮೊನ್ನೆ ಮಂಗಳವಾರ, ಇದು ಜನವರಿಯೋ ಮೇ ತಿಂಗಳೋ ಎನ್ನುವಂಥ ಬಿಸಿಲು. ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಯ ಹೊಲಿಗೆ ಕೋಣೆಯ ಹುಡುಗಿಯರೆಲ್ಲ ಕೋಟು ಬಿಚ್ಚಿ ಸರೋವರದ ದಂಡೆಯಲ್ಲಿ ಊಟ ಮಾಡಿದ್ದರು. ಗುರುವಾರ ಬೆಳಗಾಗುವ ಮೊದಲು ಶುರುವಾದ ಹಿಮ ಮಧ್ಯಾಹ್ನವಾದರೂ ನಿಂತಿರಲಿಲ್ಲ. ಅಂಗಡಿಯವರು ಹೆದರಿ ಎಲ್ಲರನ್ನೂ ಮನೆಗೆ ಕಳಿಸಿದ್ದರು.

ಆಲ್ದೋನಾ ಬೇಕೆಂದೇ ಕಟ್ಟಕಡೆಯ ಸೀಟಿಗೆ ಹೋಗಿ ಕೂತಳು. ಕನ್ನಡಿಯಲ್ಲಿ ಅವನ ಕಣ್ಣು ಅಲ್ಲಿಯವರೆಗೂ ಬಂತು. ಅವಳು ಕಿಟಕಿಗೆ ಮುಖ ತಿರುಗಿಸಿದಳು. ಕಿಟಕಿಯಲ್ಲಿ ಬಿಳುಪು ಬಿಟ್ಟು ಬೇರೇನೂ ಇರಲಿಲ್ಲ.

ಆರ್ಚರ್ ಅವೆನ್ಯೂ ರಸ್ತೆಯಲ್ಲಿ ಬಸ್ಸು ಆಮೆಯಂತೆ ತೆವಳಿತು. ದಾರಿಯುದ್ದಕ್ಕೂ ಜನ ಕಾರು ಬಿಟ್ಟು ಹೋಗಿದ್ದರು. ಒಂದರ ಹಿಂದೆ ಒಂದು, ಸುಣ್ಣ ಬಳಿದ ದಿಬ್ಬಗಳು. ಅವಳ ಮನೆಯಿದ್ದ ಬ್ರೈಟನ್ ಪಾರ್ಕಿಗೆ ಇನ್ನೂ ಒಂದಷ್ಟು ದೂರವಿರುವಾಗ ಬಸ್ಸು ಒಮ್ಮೆ ಗುರ್‌ಗುಟ್ಟಿ, ಓರೆಯಾಗಿ ಜಾರಿ, ನಿಂತೇಬಿಟ್ಟಿತು. ಜೆನೋನ್ ಹಿಂದಕ್ಕೆ ತೆಗೆದ, ಮುಂದಕ್ಕೆ ಒತ್ತಿದ. ಚಕ್ರ ಸುತ್ತಿದಷ್ಟೂ ಬಸ್ಸು ಹೂತುಕೊಂಡಿತು.

ಆಲ್ದೋನಾ ಸ್ಕಾರ್ಫಿನ ಗಂಟನ್ನು ಇನ್ನಷ್ಟು ಬಿಗಿದಳು.

ಹಿಮ ಎಂದರೆ ಅವಳಿಗೆ ಆಲ್ಗಿಸ್. ಯುದ್ಧದ ಕೊನೆಯ ಚಳಿಗಾಲ, ಗಾಡಿಯ ಹಿಂದೆ ನಡೆದು ನಡೆದು ಕಾಲು ಸೋತ ಐದು ವರ್ಷದ ತಮ್ಮ. "ಅಕ್ಕಾ, ಈಗ ಚಳಿಯೇ ಆಗ್ತಿಲ್ಲ. ಒಂದು ಸ್ವಲ್ಪ ನಿದ್ದೆ ಮಾಡ್ತೀನಿ," ಎಂದಿದ್ದ. ಆಗ ಆರೇಳು ವರ್ಷದ ಹುಡುಗಿಯಾಗಿದ್ದ ಅವಳು, ಪಾಪ ಮಲಗಲಿ ಎಂದು ತನ್ನ ಶಾಲು ಹೊದೆಸಿದ್ದಳು. ಅವನು ಮತ್ತೆ ಏಳಲಿಲ್ಲ.

ಬಸ್ಸಿನಲ್ಲಿದ್ದವರು ಏಳೆಂಟು ಜನ. ಮುಂದಿನ ಸೀಟಿನಲ್ಲಿ ತುಂಬು ಬಸುರಿ, ರೋಸಲೀನ್ ಬ್ರೆನನ್ ಎಂಬ ಐರಿಷ್ ಹೆಂಗಸು. ಬೆಚ್ಚಗಿರಲಿ ಎಂದು ಜೆನೋನ್ ಇಂಜಿನ್ ಆರಿಸದೆ ಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಆ ಹೆಂಗಸಿನ ತಲೆ ಒಂದು ಕಡೆ ವಾಲಿತು.

"ಬ್ರೆನನ್ನಮ್ಮಾ! ರೀ, ಬ್ರೆನನ್ನಮ್ಮಾ!" ಆಲ್ದೋನಾ ಓಡಿ ಬಂದು ಅಲುಗಾಡಿಸಿದಳು. ತನ್ನ ತಲೆಯೂ ಸಿಡಿಯುತ್ತಿರುವುದು ಆಗ ಅವಳ ಗಮನಕ್ಕೆ ಬಂತು. "ಹೊಗೆ! ಹೊಗೆ ಒಳಗೆ ಬರ್ತಿದೆ!"

ಜೆನೋನ್ ಇಂಜಿನ್ ಆರಿಸಿ, ಕಿಟಕಿಗಳನ್ನು ತೆರೆಯಲು ಹೇಳಿ ಹೊರಗೆ ಹಾರಿದ. ಸೈಲೆನ್ಸರ್ ಹಿಮದಲ್ಲಿ ಮುಚ್ಚಿಹೋಗಿತ್ತು. ಅವನು ಕೈಯಿಂದಲೇ ತೋಡಿದ. ತೋಡಿದಷ್ಟೂ ಗಾಳಿ ಮತ್ತೆ ಹಿಮ ತಂದು ತುಂಬಿತು. ಒಳಗೆ ಬಂದಾಗ ಅವನ ಗ್ಲೌಸು ಹಿಂಡಿದರೆ ನೀರು ಸುರಿಯುವಂತಿತ್ತು. ಬ್ರೆನನ್ನಮ್ಮ ಕಣ್ಣು ಬಿಟ್ಟಿದ್ದಳು. ಇಂಜಿನ್ ಮಾತ್ರ ಮತ್ತೆ ಹತ್ತಲಿಲ್ಲ.

ಬಸ್ಸು ತಣ್ಣಗಾಗತೊಡಗಿತು.

"ಮುಂದೆ ಒಂದು ಮನೇಲಿ ದೀಪ ಕಂಡಿತ್ತು," ಎಂದ ಜೆನೋನ್. "ಕತ್ತಲಾಗೋಕೆ ಮುಂಚೆ ಹೋಗಿ ಜನ ಕರ್ಕೊಂಡು ಬರ್ತೀನಿ. ಯಾರೂ ಇಳೀಬೇಡಿ."

ಆಲ್ದೋನಾ ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬೇಡಿ."

"ಪ್ರಯಾಣಿಕರು ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಇದೆ, ನೋಡಿ."

"ತಮಾಷೆ ಬೇಡ! ನಿಮಗೆ ಗೊತ್ತಿಲ್ಲ. ಇದು... ಇದು ಮನುಷ್ಯರನ್ನ ಸುಮ್ಮನೆ ಮಲಗಿಸಿಬಿಡತ್ತೆ."

ಅವನು ಅವಳ ನಡುಗುವ ಗಲ್ಲವನ್ನು ನೋಡಿದ. ಅವಳ ಸ್ಕಾರ್ಫಿನಿಂದ ತಪ್ಪಿಸಿಕೊಂಡ ಒಂದೆಳೆ ಕೂದಲನ್ನು ನೋಡಿದ. ಮೂರು ವಾರದ ಹಸಿವು ಆ ನೋಟದಲ್ಲಿತ್ತು.

"ನನಗೋಸ್ಕರ ಯಾಕೆ ಹೆದರ್ತೀರಿ?" ಎಂದ ಮೆಲ್ಲಗೆ. "ನಿಮ್ಮನ್ನ ಮದುವೆ ಆಗೋನು ಮನೇಲಿ ಕಾಯ್ತಿರ್ತಾನೆ. ಅವನಿಗೋಸ್ಕರ ಇಲ್ಲೇ ಜೋಪಾನವಾಗಿರಿ."

"ಯಾರು ಮದುವೆ ಆಗೋನು?"

"ಆ ಶನಿವಾರ ನಾನು ಹೊತ್ತಿಗೆ ಮುಂಚೆಯೇ ಬಂದಾಗ ನಿಮ್ಮಮ್ಮ ಬಾಗಿಲಲ್ಲೇ ಹೇಳಿದ್ರಲ್ಲ. ಆಲ್ದೋನಾ ನಿಶ್ಚಯವಾದ ಹುಡುಗನ ಜೊತೆ ಹೊರಗೆ ಹೋಗಿದ್ದಾಳೆ ಅಂತ. ನನ್ನ ಕೈಲಿದ್ದ ಹೂವನ್ನ ನಿಮ್ಮ ಪಕ್ಕದ ಮನೆ ಮುದುಕಿಗೆ ಕೊಟ್ಟು ಬಂದೆ."

"ನಾನು ಕೂದಲು ಮಾಡಿಸ್ಕೊಳ್ಳೋಕೆ ಹೋಗಿದ್ದೆ," ಎಂದಳು. "ನಿಮಗೋಸ್ಕರ."

ಅವನ ಮುಖದಲ್ಲಿ ಮೊದಲು ಬೆರಗು ಮೂಡಿತು, ಆಮೇಲೆ ನಗು. ಎಂಥ ನಗು! ಆ ಬಿಳಿಯ ಸಾವಿನ ನಡುವೆ ಯಾರೋ ಒಲೆ ಹೊತ್ತಿಸಿದಂತೆ.

"ಹಾಗಾದ್ರೆ ನಾನು ಸಾಯೋದೇ ಇಲ್ಲ ಬಿಡಿ," ಎಂದ. ಅವಳನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಇಳಿದ. ನಾಲ್ಕು ಹೆಜ್ಜೆಗೆ ಬಿಳುಪು ಅವನನ್ನು ನುಂಗಿತು.

ಅವನು ಬರಲಿಲ್ಲ.

ಕಿಟಕಿಯ ಬಿಳುಪು ಬೂದಿ ಬಣ್ಣಕ್ಕೆ ತಿರುಗಿತು. "ಬಂದ್ಬಿಡ್ತಾನೆ ಕಣಮ್ಮ," ಎಂದಳು ಬ್ರೆನನ್ನಮ್ಮ, ತನಗೇ ಹೇಳಿಕೊಳ್ಳುವಂತೆ. ಆಲ್ದೋನಾ ಕೂತಳು, ಎದ್ದಳು, ಮತ್ತೆ ಕೂತಳು. ಹೊರಗೆ ಹೋದರೆ ಸತ್ತೇ ಹೋಗುತ್ತೇನೆ ಎಂದು ಅವಳ ಮೈಯ ಒಂದೊಂದು ಮೂಳೆಯೂ ಹೇಳುತ್ತಿತ್ತು. ಆದರೆ ಶಾಲು ಹೊದೆಸಿ ಸುಮ್ಮನೆ ಕೂತದ್ದು ಒಂದು ಸಲವಾಗಿತ್ತು. ಇನ್ನೊಂದು ಸಲ ಆಗಲಾರದು.

ಅವಳು ಬಾಗಿಲು ತಳ್ಳಿ ಇಳಿದಳು.

ಗಾಳಿ ಕೆನ್ನೆಗೆ ಬಾರಿಸಿತು. ತಾನು ಚಾಚಿದ ಕೈ ತನಗೇ ಕಾಣಲಿಲ್ಲ. ಬಿಟ್ಟುಹೋದ ಕಾರುಗಳನ್ನು ತಡವುತ್ತ, ಒಂದರ ಬಾನೆಟ್ಟಿನಿಂದ ಇನ್ನೊಂದರ ಡಿಕ್ಕಿಗೆ ಕೈ ಎಟುಕಿಸಿಕೊಳ್ಳುತ್ತ, ಸೊಂಟದವರೆಗಿನ ಹಿಮದಲ್ಲಿ ತೇಕುತ್ತ ನಡೆದಳು. "ಜೆನೋನ್!" ಎಂದು ಕೂಗಿದಳು. ಗಾಳಿ ಆ ಹೆಸರನ್ನು ಬಾಯಿಂದ ಕಿತ್ತುಕೊಂಡು ಹೋಯಿತು. ಗಟ್ಟಿಯಾಗಿ ಅತ್ತಳು. ಅಳುತ್ತಲೇ ನಡೆದಳು.

ಎರಡು ಕಾರುಗಳ ನಡುವೆ ಅವಳ ಕಾಲಿಗೆ ಏನೋ ತೊಡರಿತು. ಅದು ಒಂದು ಬೂಟು.

ಅವನು ಚಕ್ರಕ್ಕೆ ಒರಗಿ ಕೂತಿದ್ದ. ಟೊಪ್ಪಿಗೆ ಹಾರಿಹೋಗಿತ್ತು, ಒಂದು ಪಾದ ವಿಕಾರವಾಗಿ ತಿರುಚಿತ್ತು, ಎದೆಯವರೆಗೆ ಹಿಮ ಕಟ್ಟಿತ್ತು. ಅವಳು ಎರಡೂ ಕೈಯಿಂದ ಬಾಚಿ ತೆಗೆದು ಅವನ ಮುಖ ಹಿಡಿದಳು. ಅವನು ಕಣ್ಣು ಅರೆ ತೆರೆದು, ತುಂಬ ನೆಮ್ಮದಿಯಿಂದ ಮುಗುಳ್ನಕ್ಕ.

"ಬಂದ್ರಾ ಮಿಸ್... ಈಗ ಚಳಿಯೇ ಇಲ್ಲ. ಒಂದು ಸ್ವಲ್ಪ ನಿದ್ದೆ..."

ಆಲ್ದೋನಾಳ ಕೈ ತಾನಾಗಿ ಎದ್ದು ಅವನ ಕೆನ್ನೆಗೆ ಛಟೀರೆಂದು ಬಿತ್ತು.

"ನಿದ್ದೆ ಮಾಡ್ಬೇಡ! ಜೆನೋನ್, ನಿದ್ದೆ ಮಾಡ್ಬೇಡ ಅಂದೆ! ಕಳ್ಳ! ನಿಮ್ಮಪ್ಪ ಕಳ್ಳ, ನಿಮ್ಮ ತಾತ ಕಳ್ಳ! ನಮ್ಮ ವಿಲ್ನಿಯಸ್ ವಾಪಸ್ ಕೊಡೋ!"

ಅವನ ಹುಬ್ಬು ಗಂಟಾಯಿತು.

"ಯಾರ ಊರು ಅದು? ಹೇಳು!" ಇನ್ನೊಂದು ಏಟು ಬಿತ್ತು. ಬಹುವಚನ ಯಾವಾಗ ಗಾಳಿಗೆ ಹಾರಿಹೋಯಿತೋ ಅವಳಿಗೇ ತಿಳಿಯದು. "ಯಾರದು?"

"...ನಮ್ದು," ಎಂದ ಅವನು, ತುಟಿ ಅಲುಗಿಸಲಾಗದೆ. "ವಿಲ್ನೋ... ನಮ್ದೇ."

"ಹಾಗಾದ್ರೆ ಎದ್ದು ನಿಂತು ಹೇಳೋ, ಗಂಡಸಾದ್ರೆ!"

ಅವನು ಎದ್ದ. ಅವಳ ಹೆಗಲ ಮೇಲೆ ಇಡೀ ಭಾರ ಹಾಕಿ, ಒಂಟಿ ಕಾಲಲ್ಲಿ. ಹೆಜ್ಜೆಗೊಂದು ಬೈಗುಳ, ಹೆಜ್ಜೆಗೊಂದು ಏಟು. ಅವನು ತೂಕಡಿಸಿದಾಗಲೆಲ್ಲ ಅವಳು ಪೋಲೆಂಡಿನ ರಾಜರನ್ನೆಲ್ಲ ಎಳೆದು ತಂದು ಜಾಡಿಸಿದಳು. ಕೊನೆಗೆ ಬೂದಿ ಬಣ್ಣದ ಆಚೆ ಒಂದು ಹಳದಿ ಚುಕ್ಕೆ ಕಂಡಿತು, ಆಮೇಲೆ ಬಾಗಿಲು, ಬಾಗಿಲ ಮೇಲೆ ಅವಳ ಭಾಷೆಯ ಹೆಸರು: ಗೆಡ್ವಿಲಾಸ್. ಸತ್ತವರನ್ನು ಸಿಂಗರಿಸಿ, ಬಂಧುಗಳು ನೋಡಲೆಂದು ಮಲಗಿಸುವ ಮನೆ.

ಅವಳು ಬಾಗಿಲಿಗೆ ತಲೆಯಿಂದಲೇ ಗುದ್ದಿದಳು.

ಮುದುಕ ಗೆಡ್ವಿಲಾಸ್ ಬಾಗಿಲು ತೆಗೆದು, ಇಬ್ಬರನ್ನೂ ನೋಡಿ ಶಿಲುಬೆ ಗುರುತು ಹಾಕಿಕೊಂಡ. "ನನ್ನ ಮನೆಗೆ ಯಾರೂ ತಾವಾಗಿ ನಡ್ಕೊಂಡು ಬಂದಿದ್ದಿಲ್ಲಮ್ಮ," ಎಂದ. ಆದರೆ ಕೈ ಚುರುಕಾಗಿತ್ತು. ಅವನ ಇಬ್ಬರು ಗಂಡುಮಕ್ಕಳು ಹಗ್ಗ ಕಟ್ಟಿಕೊಂಡು ಹೋಗಿ ಬಸ್ಸಿನಲ್ಲಿದ್ದವರನ್ನೆಲ್ಲ ಕರೆತಂದರು. ಬ್ರೆನನ್ನಮ್ಮ ಒಳಗೆ ಬರುತ್ತಲೇ ಮುಂದಿನ ಕೋಣೆಯಲ್ಲಿದ್ದ ಶವಪೆಟ್ಟಿಗೆಯನ್ನು ಕಂಡು, "ಅಯ್ಯೋ ದೇವರೇ, ನನ್ನ ಮಗು ಇವತ್ತು ಮಾತ್ರ ಹುಟ್ಟೋದು ಬೇಡಪ್ಪಾ," ಎಂದು ಹೊಟ್ಟೆ ಹಿಡಿದುಕೊಂಡಳು. ಅದು ಪುಣ್ಯಕ್ಕೆ ಹುಟ್ಟಲಿಲ್ಲ.

ಹಿಂದಿನ ಅಡುಗೆಮನೆಯಲ್ಲಿ ಜೆನೋನನ ಪಾದ ಉಗುರುಬೆಚ್ಚನೆಯ ನೀರಿನಲ್ಲಿತ್ತು. ಅವನು ಹಲ್ಲು ಕಚ್ಚಿ ನಡುಗುತ್ತಿದ್ದ. ನಡುಗಿದರೆ ಒಳ್ಳೆಯದು ಎಂದಿದ್ದ ಗೆಡ್ವಿಲಾಸ್. ಆಲ್ದೋನಾ ಅವನ ಕೈಯನ್ನು ತನ್ನೆರಡು ಕೈಯೊಳಗೆ ಇಟ್ಟುಕೊಂಡು ಬಿಡದೆ ಕೂತಿದ್ದಳು. ಅಮ್ಮನಿಗೆ ಫೋನ್ ಮಾಡಲು ನೋಡಿದ್ದಳು, ಲೈನು ಸಿಕ್ಕಿರಲಿಲ್ಲ.

"ಒಂದು ಜೋಕ್ ಹೇಳು," ಎಂದಳು. "ನೀನು ಸುಮ್ಮನಿದ್ರೆ ನನಗೆ ಭಯ ಆಗತ್ತೆ."

"ನಾನು ಹೆದರಿದಾಗ್ಲೇ ಜೋಕ್ ಮಾಡೋದು, ಆಲ್ದೋನಾ." ಮಿಸ್ ಎನ್ನಲಿಲ್ಲ ಅವನು. "ಒಂದು ವರ್ಷ ನಿನ್ನ ಜೊತೆ ಜೋಕ್ ಬಿಟ್ಟು ಬೇರೇನೂ ಮಾತಾಡಿಲ್ಲ. ಎಷ್ಟು ಹೆದರಿದ್ದೆ ನೋಡು."

"ಯಾಕೆ ಹೆದರಿಕೆ?"

"ನೀನು ಇಳಿಯೋ ಸ್ಟಾಪ್ ಬಂದ್ಬಿಡತ್ತಲ್ಲ ಅಂತ."

ಅವಳು ಬಗ್ಗಿ ಅವನ ಕೆನ್ನೆಗೆ, ತನ್ನ ಬೆರಳಿನ ಬರೆ ಮೂಡಿದ್ದ ಕಡೆಗೇ, ತುಟಿ ಒತ್ತಿದಳು.

ಬೆಳಗಾಗುವ ಹೊತ್ತಿಗೆ ಹಿಮ ನಿಂತಿತ್ತು. ಕಾಫಿಯ ನೀರು ಕಾಯುತ್ತಿತ್ತು. ಮುಂಬಾಗಿಲಲ್ಲಿ ಯಾರೋ ಲಿಥುವೇನಿಯನ್ ಭಾಷೆಯಲ್ಲಿ ಕೇಳುವುದು ಅಡುಗೆಮನೆಗೆ ಕೇಳಿಸಿತು:

"ಬಸ್ಸಿನೋರನ್ನ ಗೆಡ್ವಿಲಾಸ್ ಮನೆಗೆ ತಗೊಂಡು ಹೋದ್ರು ಅಂದ್ರು. ನನ್ನ ಮಗಳು ಇದ್ದಾಳೆ ಅದರಲ್ಲಿ. ಎಲ್ಲಿ ಮಲಗಿಸಿದ್ದೀರಿ?"

ಆಲ್ದೋನಾ ಓಡಿದಳು. ಅವಳ ತಾಯಿ ಸೊಂಟದವರೆಗೆ ಹಿಮ ಮೆತ್ತಿಕೊಂಡು ಶವಪೆಟ್ಟಿಗೆಯ ಮುಂದೆ ನಿಂತಿದ್ದಳು. ಮುಚ್ಚಳದ ಮೇಲೆ ಕೈಯಿಟ್ಟಿದ್ದಳು, ಎತ್ತಲು ಕೈ ಬರುತ್ತಿರಲಿಲ್ಲ.

"ಅಮ್ಮಾ!"

ತಾಯಿ ತಿರುಗಿದಳು. ಕಾಲು ಮಡಿಸಿ ಕುಸಿದು, ಮಗಳ ಮೊಣಕಾಲುಗಳನ್ನು ತಬ್ಬಿ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲೇ ಇಲ್ಲ.

ತಲೆ ಎತ್ತಿದಾಗ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಜೆನೋನ್ ಕಂಡ. ಅವಳಿಗೆ ಗುರುತು ಸಿಕ್ಕಿತು.

"ಇವಳನ್ನ ಕಾಪಾಡಿ ಕರ್ಕೊಂಡು ಬಂದಿದ್ದು ನೀನಾ?" ಎಂದು ತನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲಮ್ಮ. ನಾನು ಮಲಗಿಬಿಟ್ಟಿದ್ದೆ. ಇವಳೇ ಹೊಡೆದು ಎಬ್ಬಿಸಿದ್ದು."

ತಾಯಿ ಮಗಳ ಮುಖ ನೋಡಿದಳು. ಏನು ನಡೆದಿರಬಹುದೆಂದು ಆಲ್ಗಿಸನ ತಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎದ್ದು, ಅವನನ್ನು ಕುರ್ಚಿಗೆ ಕೂರಿಸಿ, ಕಾಲ್ಚೀಲ ಎಳೆದು, ಆಗ ತಾನೇ ಹೆತ್ತ ಕೂಸಿನ ಬೆರಳು ನೋಡುವಂತೆ ಒಂದೊಂದೇ ಬೆರಳನ್ನು ಒತ್ತಿ ನೋಡಿದಳು.

"ಎಲ್ಲಾ ಉಳ್ಕೊಂಡಿವೆ," ಎಂದಳು. ತಲೆ ತಗ್ಗಿಸಿಕೊಂಡೇ, "ಅವತ್ತು ನಾನು ಹೇಳಿದ್ದು ಸುಳ್ಳು ಕಣಪ್ಪ. ನೀನು ಪೋಲಿಷರವನು ಅಂತ ಹಾಗೆ ಹೇಳಿಬಿಟ್ಟೆ. ಮನೆಗೆ ನಡಿ. ಆಲೂಗಡ್ಡೆ ಕುಗೆಲಿಸ್ ಮಾಡ್ತೀನಿ, ಬಿಸಿ ಬಿಸಿ ತಿನ್ನು."

ಜೆನೋನ್ ಕಾಲ್ಚೀಲ ಏರಿಸಿಕೊಂಡು ಎದ್ದ.

ಅವರು ಹೊರಟರು. ತಾಯಿ ಮುಂದೆ ದಾರಿ ತುಳಿಯುತ್ತ ಹೋದಳು. ಬೀದಿ ಬಿಸಿಲಿಗೆ ಕಣ್ಣು ಕೋರೈಸುವಂತೆ ಬೆಳ್ಳಗಿತ್ತು, ದೂರದಲ್ಲಿ ಬಸ್ಸು ಕಿಟಕಿಯವರೆಗೆ ಹೂತುಹೋಗಿತ್ತು. ಹೊಸ್ತಿಲಲ್ಲಿ ಆಲ್ದೋನಾಳ ಕಾಲು ಕಲ್ಲಾಯಿತು. ನಿನ್ನೆ ಹೇಗೆ ಇಳಿದಳೋ, ಇವತ್ತು ಆಗದು.

ಜೆನೋನ್ ಒಂಟಿ ಕಾಲಲ್ಲಿ, ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ಅವನು ತಳ್ಳಲಿಲ್ಲ, ನಗಿಸಲೂ ಇಲ್ಲ.

"ನಿಧಾನ," ಎಂದ. "ನಿನಗೆ ಆದಾಗ ಹೋಗೋಣ."

ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡು ಒಂದು ಕಾಲು ಮುಂದಿಟ್ಟಳು. ಹಿಮ ಕರಕರ ಎಂದಿತು. ಭುಜದ ಮೇಲಿನ ಕೈ ಬೆಚ್ಚಗಿತ್ತು. ಅವಳು ಇನ್ನೊಂದು ಕಾಲನ್ನೂ ಇಟ್ಟಳು.